‘ನಾಟ್ ಇನಿಷಿಯಲೈಸ್ಡ್’ ಎನ್ನುವ ಹಾರ್ಡ್ ಡಿಸ್ಕ್: ಓಕೆ ಒತ್ತುವ ಮೊದಲು ನೋಡಬೇಕಾದದ್ದು

ನಿನ್ನೆಯವರೆಗೂ ಸರಿಯಿದ್ದ ಡಿಸ್ಕ್ ಇವತ್ತು ಕಾಣುವುದಿಲ್ಲ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಕೆಳಗಡೆ ‘ಡಿಸ್ಕ್ 1, ಅನ್‌ನೋನ್, ನಾಟ್ ಇನಿಷಿಯಲೈಸ್ಡ್’ ಎಂದಿರುತ್ತದೆ. ಇನಿಷಿಯಲೈಸ್ (ಡಿಸ್ಕಿನ ಮೇಲೆ ವಿಭಾಗಗಳ ಹೊಸ ಪಟ್ಟಿ ಬರೆಯುವುದು) ಮಾಡಲೇ ಎಂದು ಕೇಳುವ ಸಣ್ಣ ಕಿಟಕಿಯೂ ತಾನಾಗಿ ಎದುರಿಗೆ ಬರುತ್ತದೆ. ಹೆಚ್ಚಿನವರು ಕೆಡುವುದು ಇಲ್ಲೇ: ಓಕೆ ಒತ್ತಿಬಿಡುತ್ತಾರೆ.

ವಿಂಡೋಸ್ ಮಾಡಿದ ಕೆಲಸ ಇಷ್ಟೇ. ಡಿಸ್ಕಿನ ಮೊದಲ ಸೆಕ್ಟರನ್ನು, ಅಂದರೆ ಮೊದಲ 512 ಬೈಟನ್ನು ಓದಿ, ಅದರ ಕೊನೆಯ ಎರಡು ಬೈಟುಗಳಲ್ಲಿ 55 ಎಎ ಎಂಬ ಗುರುತು ಇದೆಯೇ ಎಂದು ನೋಡಿದೆ. ಗುರುತು ಇಲ್ಲದಿದ್ದರೆ ಈ ಸಂದೇಶ ಬರುತ್ತದೆ. ಆ ಸೆಕ್ಟರನ್ನು ಓದಲಿಕ್ಕೇ ಆಗದಿದ್ದರೂ ಇದೇ ಸಂದೇಶ ಬರಬಹುದು. ಮೊದಲನೆಯದರಲ್ಲಿ ಡಿಸ್ಕ್ ಗಟ್ಟಿಯಾಗಿದೆ, ಬರಹ ಮಾತ್ರ ವಿಂಡೋಸಿಗೆ ತಿಳಿಯುತ್ತಿಲ್ಲ. ಎರಡನೆಯದರಲ್ಲಿ ಬರಹ ಇದ್ದೀತು, ಆದರೆ ಕರೆಂಟು, ಕೇಬಲ್ಲು, ಬೋರ್ಡು, ಹೆಡ್ಡು (ಒಳಗೆ ತಿರುಗುವ ತಟ್ಟೆಯಿಂದ ಮಾಹಿತಿ ಓದುವ ಭಾಗ) ಇವುಗಳಲ್ಲಿ ಯಾವುದೋ ಒಂದು ಕೈಕೊಟ್ಟಿದೆ. ಮುಂದಿನ ಪರೀಕ್ಷೆಗಳೆಲ್ಲ ಈ ಎರಡನ್ನು ಬೇರೆ ಮಾಡಲಿಕ್ಕೆ.

ಅಂಗಡಿಯಿಂದ ಈಗ ತಂದ, ಒಳಗೆ ಏನೂ ಇಲ್ಲದ ಹೊಸ ಡಿಸ್ಕಾದರೆ ಈ ಸಂದೇಶ ಸಹಜ. ಅದಕ್ಕೆ ನೇರ ‘ಇನಿಷಿಯಲೈಸ್ ಮಾಡುವುದು’ ಎಂಬ ಭಾಗಕ್ಕೆ ಹೋಗಿ. ಸೊಸೈಟಿಯ ಲೆಕ್ಕ, ಸ್ಟುಡಿಯೋದ ಮದುವೆ ಫೋಟೋ, ಮಕ್ಕಳ ಪ್ರಾಜೆಕ್ಟು ಏನೇ ಒಳಗಿದ್ದರೂ ಕ್ಯಾನ್ಸಲ್ ಒತ್ತಿ ಮುಂದೆ ಓದಿ.

ಡಿವಿಆರ್‌ನಿಂದ ಬಿಚ್ಚಿದ ಡಿಸ್ಕೇ?

ಅಡಿಕೆ ಕಣಕ್ಕೂ ಗೋದಾಮಿಗೂ ಸಿಸಿ ಕ್ಯಾಮೆರಾ ಬಂದ ಮೇಲೆ ಮಲೆನಾಡಿನಲ್ಲಿ ಈ ಪ್ರಕರಣ ಮತ್ತೆ ಮತ್ತೆ ಎದುರಾಗುತ್ತದೆ. ಕಳವಾದ ಮರುದಿನ, ಕ್ಯಾಮೆರಾದ ದೃಶ್ಯ ಮುದ್ರಿಸಿಡುವ ಡಿವಿಆರ್‌ನ ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಹಾಕುತ್ತಾರೆ. ‘ನಾಟ್ ಇನಿಷಿಯಲೈಸ್ಡ್’ ಎಂದು ಬರುತ್ತದೆ, ಡಿಸ್ಕ್ ಸತ್ತಿದೆ ಎಂದುಕೊಳ್ಳುತ್ತಾರೆ. ಅದಕ್ಕೆ ಏನೂ ಆಗಿರುವುದಿಲ್ಲ. ಬಹಳಷ್ಟು ಡಿವಿಆರ್‌ಗಳು ತಮ್ಮದೇ ವಿನ್ಯಾಸದಲ್ಲಿ ಬರೆಯುತ್ತವೆ, ವಿಂಡೋಸಿಗೆ ಅದು ಅರ್ಥವಾಗುವುದಿಲ್ಲ. ಡಿಸ್ಕನ್ನು ಅದೇ ಡಿವಿಆರ್‌ಗೆ ವಾಪಸ್ ಹಾಕಿ, ಅದರ ಬ್ಯಾಕಪ್ ಮೆನುವಿನಿಂದ ಬೇಕಾದ ಗಂಟೆಯ ದೃಶ್ಯವನ್ನು ಪೆನ್ ಡ್ರೈವಿಗೆ ಇಳಿಸಿಕೊಳ್ಳಿ. ತಡ ಮಾಡಬೇಡಿ: ಡಿವಿಆರ್ ಓಡುತ್ತಿದ್ದಷ್ಟು ಹೊತ್ತೂ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಿರುತ್ತದೆ. ಇನ್ನೊಂದು ಡಿವಿಆರ್‌ಗೆ ಹಾಕಿ ನೋಡುವ ಯೋಚನೆಯೂ ಬೇಡ. ಅದು ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ, ಕೆಲವು ಕೇಳುವುದೂ ಇಲ್ಲ.

ಕಿವಿಗೊಟ್ಟು ಕೇಳಿ

ಕರೆಂಟು ಕೊಟ್ಟ ಮೊದಲ 15 ಸೆಕೆಂಡಿನಲ್ಲಿ ಡಿಸ್ಕ್ ತನ್ನ ಅರ್ಧ ಕಥೆ ಹೇಳಿಬಿಡುತ್ತದೆ. ಪಕ್ಕದಲ್ಲಿ ಫ್ಯಾನ್ ನಿಲ್ಲಿಸಿ, ಡಿಸ್ಕಿನ ಬದಿಗೆ ಬೆರಳ ತುದಿ ತಾಗಿಸಿ.

ಸುಯ್ಯೆಂದು ವೇಗ ಹಿಡಿದು, ಒಂದೆರಡು ಸಲ ಕರ್ ಎಂದು, ಆಮೇಲೆ ಸಮವಾಗಿ ತಿರುಗಿದರೆ ಮೋಟರು, ಹೆಡ್ಡು ಎರಡೂ ಬಹುಮಟ್ಟಿಗೆ ಸರಿ ಇವೆ. ಒಂದೇ ಅಂತರದಲ್ಲಿ ಟಿಕ್, ಟಿಕ್ ಎಂದು ಬಡಿದು ನಿಂತುಹೋದರೆ ಹೆಡ್ಡಿಗೆ ಓದಲು ಆಗುತ್ತಿಲ್ಲ, ಇಲ್ಲವೇ ಕರೆಂಟು ಸಾಲುತ್ತಿಲ್ಲ. ಮೆಲ್ಲಗೆ ಬೀಪ್ ಎಂದರೆ ಅದರಲ್ಲಿ ಸ್ಪೀಕರ್ ಏನೂ ಇಲ್ಲ. ಮೋಟರು ತಿರುಗಲು ತಿಣುಕುವ ಸದ್ದು ಅದು. ಕೆಳಗೆ ಬಿದ್ದ 2.5 ಇಂಚಿನ ಡಿಸ್ಕುಗಳಲ್ಲಿ ಹೆಡ್ಡು ತಟ್ಟೆಗೆ ಅಂಟಿಕೊಂಡಾಗ ಹೀಗಾಗುತ್ತದೆ. ಏನೂ ಸದ್ದಿಲ್ಲ, ನಡುಕವೂ ಇಲ್ಲ ಎಂದರೆ ಕರೆಂಟು ಒಳಗೆ ಹೋಗಿಲ್ಲ ಅಥವಾ ಬೋರ್ಡು ಸುಟ್ಟಿದೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ.

ಟಿಕ್ ಟಿಕ್ ಎನ್ನುವ ಡಿಸ್ಕಿಗೆ ಸರಿಯಾದ ಕರೆಂಟು ಕೊಟ್ಟು ಒಂದು ಸಲ ನೋಡಿ. ಮತ್ತೂ ಹಾಗೇ ಬಡಿದರೆ ಆರಿಸಿಬಿಡಿ. ಹೆಡ್ಡು ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುವ ವಸ್ತು. ಅದು ಮುರಿದು ತಟ್ಟೆಗೆ ಉಜ್ಜುತ್ತಿದ್ದರೆ ನಿಮಿಷ ನಿಮಿಷಕ್ಕೂ ಮಾಹಿತಿ ಪುಡಿಯಾಗುತ್ತಿರುತ್ತದೆ.

ಕರೆಂಟು ಸಾಲುತ್ತಿದೆಯೇ

ಅತಿ ಹೆಚ್ಚು ಸಲ ದೋಷ ಸಿಗುವುದು ಇಲ್ಲಿ, ಅತಿ ಕಡಿಮೆ ಜನ ನೋಡುವುದೂ ಇಲ್ಲಿ.

2.5 ಇಂಚಿನ ಯುಎಸ್‌ಬಿ ಡಿಸ್ಕಿಗೆ ಬೇಕಾದದ್ದು 5 ವೋಲ್ಟ್ ಮಾತ್ರ, ಆದರೆ ತಿರುಗಲು ಶುರುವಾಗುವಾಗ ಸುಮಾರು 1 ಆಂಪಿಯರ್ ಎಳೆಯುತ್ತದೆ. ಯುಎಸ್‌ಬಿ 2 ಪೋರ್ಟು ಕೊಡಬೇಕಾದದ್ದು 500 ಮಿಲಿ ಆಂಪಿಯರ್, ಯುಎಸ್‌ಬಿ 3 ಪೋರ್ಟು 900. ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟಿಗೆ ಒಳಗಿನ ತೆಳು ತಂತಿಯಲ್ಲೇ ಅರ್ಧ ವೋಲ್ಟ್ ಸೋರಿಹೋಗುವುದುಂಟು. ಹಿಂಭಾಗದಲ್ಲಿ ಮದರ್‌ಬೋರ್ಡಿಗೇ ಬೆಸೆದ ಪೋರ್ಟಿಗೆ, ಅರ್ಧ ಮೀಟರಿಗಿಂತ ಚಿಕ್ಕ ಕೇಬಲ್ ಹಾಕಿ ನೋಡಿ. ನಡುವೆ ಹಬ್ ಇದ್ದರೆ ತೆಗೆಯಿರಿ.

3.5 ಇಂಚಿನ ಹೊರಗಿನ ಡಿಸ್ಕಿಗೆ 12 ವೋಲ್ಟಿನ, 1.5ರಿಂದ 2 ಆಂಪಿಯರ್‌ನ ಅಡಾಪ್ಟರ್ ಇರುತ್ತದೆ. ಮನೆಯ ಡ್ರಾಯರಿನಲ್ಲಿ ಅದೇ ಗಾತ್ರದ ಪಿನ್ನಿನ ಇನ್ನೂ ನಾಲ್ಕು ಬಿದ್ದಿರುತ್ತವೆ: ರೌಟರಿನದು, ಸೆಟ್‌ಟಾಪ್ ಬಾಕ್ಸಿನದು, ಹಳೆ ಮೋಡೆಮ್ಮಿನದು. ರೌಟರಿನ 12 ವೋಲ್ಟ್ 1 ಆಂಪಿಯರ್ ಅಡಾಪ್ಟರ್ ಹಾಕಿದರೆ ದೀಪ ಉರಿಯುತ್ತದೆ, ಡಿಸ್ಕ್ ಅರ್ಧ ವೇಗ ಹಿಡಿದು ಕುಸಿಯುತ್ತದೆ, ಟಿಕ್ ಎನ್ನುತ್ತದೆ, ವಿಂಡೋಸ್ ‘ನಾಟ್ ಇನಿಷಿಯಲೈಸ್ಡ್’ ಎನ್ನುತ್ತದೆ. ಸರಿಯಾದ ಅಡಾಪ್ಟರ್ ಹಾಕಿದ ಕೂಡಲೇ ಗುಣ. 19 ವೋಲ್ಟಿನ ಲ್ಯಾಪ್‌ಟಾಪ್ ಅಡಾಪ್ಟರ್ ಹಾಕಿದರೆ ಮಾತ್ರ ಗುಣವಾಗುವ ಮಾತಿಲ್ಲ, ಬೋರ್ಡು ಹೋಗುತ್ತದೆ. ಅಡಾಪ್ಟರಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಡಿಸ್ಕ್’ ಎಂದು ಬರೆದಿಡಿ.

ಕ್ಯಾಬಿನೆಟ್ಟಿನೊಳಗಿನ ಡಿಸ್ಕಾದರೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಕಂಪ್ಯೂಟರ್ ಓಡುತ್ತಿರುವಾಗ ಎಸ್‌ಎಂಪಿಎಸ್‌ನ (ಕಂಪ್ಯೂಟರಿನ ಪವರ್ ಸಪ್ಲೈ) ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಹಳದಿ–ಕಪ್ಪು ನಡುವೆ 11.4ರಿಂದ 12.6 ವೋಲ್ಟ್, ಕೆಂಪು–ಕಪ್ಪು ನಡುವೆ 4.75ರಿಂದ 5.25 ವೋಲ್ಟ್ ಇರಬೇಕು. ಡಿಸ್ಕ್ ತಿರುಗಲು ಹೊರಡುವ ಕ್ಷಣದಲ್ಲೂ ಅದರೊಳಗೇ ಇರಬೇಕು; ಆ ಹೊತ್ತಿಗೆ 12 ವೋಲ್ಟಿನ ಸಾಲಿನಿಂದ 2 ಆಂಪಿಯರ್‌ವರೆಗೆ ಎಳೆತವಿರುತ್ತದೆ. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವ ಹೊತ್ತು, ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವಾಗ ಗೋಡೆಯ ವೋಲ್ಟೇಜು ಕುಸಿಯುತ್ತದೆ. 200–240 ವೋಲ್ಟ್ ಎಂದು ಮುದ್ರಿಸಿರುವ ಅಗ್ಗದ ಎಸ್‌ಎಂಪಿಎಸ್ ಆಗ ತೊದಲುತ್ತದೆ. ರಾತ್ರಿ ಸರಿಯಾಗಿ ಕಾಣುವ ಡಿಸ್ಕ್ ಹಗಲು ಮಾಯವಾಗುವುದಾದರೆ ಮೊದಲ ಗುಮಾನಿ ಇದರ ಮೇಲೆ.

ನಾಲ್ಕು ಪಿನ್ನಿನಿಂದ ಸಾಟಾಕ್ಕೆ (ಈಗಿನ ಡಿಸ್ಕುಗಳ ಚಪ್ಪಟೆ ಕನೆಕ್ಟರ್) ಬದಲಿಸುವ ಎರಕದ ಅಡಾಪ್ಟರುಗಳನ್ನು ಬಳಸಲೇಬೇಡಿ. ಪ್ಲಾಸ್ಟಿಕ್ಕಿನೊಳಗೆ ತಂತಿಗಳು ಹತ್ತಿರವಾಗಿ ಶಾರ್ಟಾಗಿ ಕರಗುತ್ತವೆ. ತಂತಿಯನ್ನು ಪಿನ್ನಿಗೆ ಒತ್ತಿ ಕೂರಿಸಿರುವ, ಹಿಂದಿನಿಂದ ಲೋಹ ಕಾಣುವ ಬಗೆಯದ್ದು ವಾಸಿ.

ಇನ್ನೊಂದು ವಿಚಿತ್ರ. ಹೊರಗಿನ ಡಬ್ಬಿಯಿಂದ ಬಿಚ್ಚಿದ ಕೆಲವು ದೊಡ್ಡ ಡಿಸ್ಕುಗಳು ಕಂಪ್ಯೂಟರಿನೊಳಗೆ ತಿರುಗುವುದೇ ಇಲ್ಲ. ಸಾಟಾದ 15 ಪಿನ್ನುಗಳಲ್ಲಿ 3ನೆಯದಕ್ಕೆ ಹಿಂದೆ 3.3 ವೋಲ್ಟ್ ಕೊಡುತ್ತಿದ್ದರು. ಕೆಲವು ಹೊಸ ಡಿಸ್ಕುಗಳಲ್ಲಿ ಅದೇ ಪಿನ್ನಿಗೆ ವೋಲ್ಟೇಜು ಬಂದರೆ ‘ಮಲಗು’ ಎಂದು ಅರ್ಥ. ಆ ಪಿನ್ನಿಗೆ ವಿದ್ಯುತ್ ತಡೆಯುವ ಹಳದಿ ಕ್ಯಾಪ್ಟಾನ್ ಟೇಪಿನ ಸಣ್ಣ ತುಂಡು ಅಂಟಿಸಿದರೆ ಡಿಸ್ಕ್ ಏಳುತ್ತದೆ.

ಕೇಬಲ್ಲು, ಕಿಲುಬು, ಡಬ್ಬಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆ ಚಪ್ಪಲಿಗೂ ಬೂಷ್ಟು ಬರುತ್ತದೆ; ಸಾಟಾ ಕನೆಕ್ಟರಿನ ಪಿನ್ನಿಗೆ ಕಿಲುಬು ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ. ಬಯಾಸಿನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಡಿಸ್ಕಿನ ಹೆಸರು ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ ಎಂದರೆ ಮೊದಲು 7 ಪಿನ್ನಿನ ಡೇಟಾ ಕೇಬಲ್ ಬದಲಿಸಿ, ಮದರ್‌ಬೋರ್ಡಿನಲ್ಲಿ ಬೇರೆ ಪೋರ್ಟಿಗೆ ಹಾಕಿ. ಕೇಬಲ್ಲಿನ ಬೆಲೆ ಡಿಸ್ಕಿನ ಮುಂದೆ ಏನೂ ಅಲ್ಲ. ಮದರ್‌ಬೋರ್ಡಿಗೇ ಸಿಕ್ಕಿಸುವ ಎಂ.2 ಎಸ್‌ಎಸ್‌ಡಿ ಹಾಕಿದ ಮೇಲೆ ಹಳೆಯ ಡಿಸ್ಕ್ ಮಾಯವಾದರೆ ಕೇಬಲ್ಲನ್ನು ಬೈಯಬೇಡಿ. ಕೆಲವು ಮದರ್‌ಬೋರ್ಡುಗಳಲ್ಲಿ ಎಂ.2 ತುಂಬಿದಾಗ ಒಂದೆರಡು ಸಾಟಾ ಪೋರ್ಟುಗಳು ತಾವಾಗಿ ಆರಿಹೋಗುತ್ತವೆ, ಅದರ ಪುಸ್ತಕದಲ್ಲಿ ಯಾವುದೆಂದು ಬರೆದಿರುತ್ತದೆ.

ಯುಎಸ್‌ಬಿ ಡಬ್ಬಿಯೊಳಗಿನ ಸಣ್ಣ ಬೋರ್ಡು ಕೆಟ್ಟಿದ್ದರೆ ಡಿಸ್ಕನ್ನು ಹೊರತೆಗೆದು ನೇರ ಸಾಟಾಕ್ಕೆ ಹಾಕಿ ನೋಡುವುದು ಸರಿಯಾದ ಕ್ರಮವೇ. ಆದರೆ ಎರಡು ಹೊಂಡಗಳಿವೆ. ವೆಸ್ಟರ್ನ್ ಡಿಜಿಟಲ್‌ನ ಮೈ ಪಾಸ್‌ಪೋರ್ಟ್, ಮೈ ಬುಕ್ ಸಾಲಿನ ಹಲವು ಮಾದರಿಗಳಲ್ಲಿ ಆ ಸಣ್ಣ ಬೋರ್ಡೇ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ ಬರೆಯುತ್ತದೆ, ನೀವು ಪಾಸ್‌ವರ್ಡ್ ಇಡದಿದ್ದರೂ. ಬೋರ್ಡಿಲ್ಲದೆ ಓದಿದರೆ ಎಲ್ಲವೂ ಕಸ. ಇನ್ನು ಕೆಲವು ಡಬ್ಬಿಗಳು 512 ಬೈಟಿನ ಸೆಕ್ಟರುಗಳನ್ನು 4096 ಬೈಟಿನದೆಂದು ತೋರಿಸಿ ಕೆಲಸ ಮಾಡಿರುತ್ತವೆ. ನೇರ ಹಾಕಿದಾಗ ವಿಭಾಗಗಳ ಪಟ್ಟಿ ವಿಂಡೋಸ್ ಹುಡುಕುವ ಜಾಗದಲ್ಲಿ ಇರುವುದಿಲ್ಲ. ಎರಡರಲ್ಲೂ ಮಾಹಿತಿ ಕ್ಷೇಮ, ಹಳೆಯ ಡಬ್ಬಿ ಅಥವಾ ಅದೇ ಮಾದರಿಯ ಇನ್ನೊಂದು ಡಬ್ಬಿ ಬೇಕು, ಅಷ್ಟೆ. ಹಳೆಯ ಡಬ್ಬಿಯನ್ನು ಗುಜರಿಗೆ ಹಾಕಬೇಡಿ.

ಗಾತ್ರ ಎಷ್ಟೆಂದು ತೋರಿಸುತ್ತದೆ?

ಆಡಳಿತಗಾರನಾಗಿ ಕಮಾಂಡ್ ಕಿಟಕಿ ತೆರೆದು ‘ಡಿಸ್ಕ್‌ಪಾರ್ಟ್’, ಆಮೇಲೆ ‘ಲಿಸ್ಟ್ ಡಿಸ್ಕ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿ. ಗಾತ್ರ ಸರಿಯಾಗಿ ಬಂದರೆ ಡಿಸ್ಕ್ ತನ್ನ ಪರಿಚಯ ಹೇಳಿಕೊಳ್ಳುವಷ್ಟು ಎಚ್ಚರವಾಗಿದೆ. ಸೊನ್ನೆ ಅಥವಾ ‘ನೋ ಮೀಡಿಯಾ’ ಎಂದರೆ ಬೋರ್ಡು ಮಾತಾಡುತ್ತಿದೆ, ತಟ್ಟೆಯ ಮೇಲಿರುವ ತನ್ನದೇ ಫರ್ಮ್‌ವೇರ್ (ಡಿಸ್ಕನ್ನು ನಡೆಸುವ ಒಳ ತಂತ್ರಾಂಶ) ಓದಲಾಗುತ್ತಿಲ್ಲ. ಇದು ಮನೆಯಲ್ಲಿ ಮುಗಿಯುವ ಕೆಲಸವಲ್ಲ. 3 ಟಿಬಿ ಡಿಸ್ಕ್ 746 ಜಿಬಿ ಎಂದರೆ ಡಿಸ್ಕ್ ಕೆಟ್ಟಿಲ್ಲ. ಹಳೆಯ ಡಬ್ಬಿಗೋ ಡ್ರೈವರಿಗೋ 2 ಟಿಬಿಯಿಂದಾಚೆ ಎಣಿಸಲು ಬರುವುದಿಲ್ಲ, ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗಿ ಮಿಕ್ಕಿದ್ದಷ್ಟೇ ಕಾಣುತ್ತಿದೆ. ಎಸ್‌ಎಸ್‌ಡಿಯ ಹೆಸರು ಇದ್ದಕ್ಕಿದ್ದಂತೆ ‘ಸಾಟಾಫರ್ಮ್ ಎಸ್11’ ಎಂದು ಬದಲಾಗಿದ್ದರೆ ಫೈಸನ್ ಕಂಪನಿಯ ಕಂಟ್ರೋಲರ್ ಚಿಪ್ಪು ತನ್ನ ಫರ್ಮ್‌ವೇರ್ ಕಳೆದುಕೊಂಡಿದೆ. ವಾರಂಟಿ ಇದ್ದರೆ ಬದಲಿಸಿಕೊಳ್ಳಿ.

ಮೊದಲ ಸೆಕ್ಟರನ್ನೇ ನೋಡುವುದು

ಊಹೆ ಬೇಡವೆಂದರೆ ಹೆಚ್‌ಎಕ್ಸ್‌ಡಿ ಎಂಬ ಉಚಿತ ತಂತ್ರಾಂಶದಲ್ಲಿ ‘ಓಪನ್ ಡಿಸ್ಕ್’ ಆರಿಸಿ, ‘ರೀಡ್‌ಓನ್ಲಿ’ ಗುರುತು ಹಾಕಿದೆಯೇ ನೋಡಿಕೊಂಡು, ಭೌತಿಕ ಡಿಸ್ಕನ್ನು ತೆರೆಯಿರಿ.

ಪುಟ ತುಂಬ ಸೊನ್ನೆ: ಹೊಸ ಡಿಸ್ಕು, ಅಥವಾ ಯಾರೋ ಒರೆಸಿದ್ದಾರೆ. ಕೊನೆಯಲ್ಲಿ 55 ಎಎ ಇದ್ದು, ಸೆಕ್ಟರ್ 1ರ (ಎಣಿಕೆ ಸೊನ್ನೆಯಿಂದ, ಅಂದರೆ ಎರಡನೆಯ ಸೆಕ್ಟರ್) ಶುರುವಿನಲ್ಲಿ ‘ಇಎಫ್ಐ ಪಾರ್ಟ್’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಜಿಪಿಟಿ ಎಂಬ ಹೊಸ ಕ್ರಮದ ವಿಭಾಗಗಳ ಪಟ್ಟಿ ಅಲ್ಲೇ ಇದೆ. ಅದೇ ಅಕ್ಷರಗಳು ಸೆಕ್ಟರ್ 8ರಲ್ಲಿ ಸಿಕ್ಕರೆ ಮೇಲೆ ಹೇಳಿದ 4096 ಬೈಟಿನ ಡಬ್ಬಿಯ ಪ್ರಕರಣ, ಬೇರೇನೂ ಹುಡುಕಬೇಡಿ. ಎಲ್ಲೂ ಸೊನ್ನೆಯಿಲ್ಲದೆ ಪುಟ ತುಂಬ ಅರ್ಥವಿಲ್ಲದ ಅಂಕಿಗಳು ಗಿಜಿಗುಟ್ಟುತ್ತಿದ್ದರೆ ಗೂಢಲಿಪಿ. ತೆರೆಯಲು ಹೋದಾಗಲೇ ಅರ್ಧ ನಿಮಿಷ ಒದ್ದಾಡಿ ದೋಷ ಸಂದೇಶ ಬಂದರೆ ಸೆಕ್ಟರನ್ನು ಓದಲು ಆಗುತ್ತಿಲ್ಲ ಎಂಬುದು ಖಚಿತ.

ಈ ಕೊನೆಯ ಸ್ಥಿತಿಯಲ್ಲಿ ಇನಿಷಿಯಲೈಸ್ ಒತ್ತಿದರೆ ಬರುವ ಸಂದೇಶಗಳಿಗೂ ಅರ್ಥವಿದೆ. ‘ಐ/ಓ ಡಿವೈಸ್ ಎರರ್’ ಎಂದರೆ ಕೇಬಲ್ಲು, ಕರೆಂಟು, ಹೆಡ್ಡು ಮೂರರಲ್ಲಿ ಯಾವುದೂ ಆಗಬಹುದು. ‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಎಂದರೆ ಬಹುಪಾಲು ಆ ಜಾಗದ ಸೆಕ್ಟರೇ ಕೆಟ್ಟಿದೆ. ‘ರೈಟ್ ಪ್ರೊಟೆಕ್ಟೆಡ್’ ಎಂದರೆ ಡಿಸ್ಕ್‌ಪಾರ್ಟ್‌ನಲ್ಲಿ ‘ಆಟ್ರಿಬ್ಯೂಟ್ಸ್ ಡಿಸ್ಕ್ ಕ್ಲಿಯರ್ ರೀಡ್‌ಓನ್ಲಿ’ ಕೊಟ್ಟು ನೋಡಿ; ಎಸ್‌ಎಸ್‌ಡಿ ಆಗಿದ್ದು ಆಗಲೂ ಹೋಗದಿದ್ದರೆ ಅದು ಆಯುಸ್ಸು ಮುಗಿದು ಓದಲು ಮಾತ್ರ ಎಂದು ಕೂತಿದೆ, ಕಾಪಿ ಮಾಡಿಕೊಂಡು ಬೀಳ್ಕೊಡಿ.

ಇವೆಂಟ್ ವ್ಯೂವರಿನ ಸಿಸ್ಟಂ ಪಟ್ಟಿಯಲ್ಲಿ 7 ಎಂಬ ಸಂಖ್ಯೆ ಇದ್ದರೆ ಕೆಟ್ಟ ಸೆಕ್ಟರು; 11, 129, 153 ಇದ್ದರೆ ಮೊದಲು ಕೇಬಲ್ಲು, ಕರೆಂಟು. ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ಸ್ಮಾರ್ಟ್ ಅಂಕಿಗಳನ್ನೂ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ. ಸಿ7 ಏರುತ್ತಿದ್ದರೆ ಸಂತೋಷಪಡಿ, ಅದು ಕೇಬಲ್ ದೋಷದ ಎಣಿಕೆ. ಕೆಟ್ಟ ಸೆಕ್ಟರುಗಳನ್ನು ಎಣಿಸುವ 05, ಸಿ5, ಸಿ6 ಸೊನ್ನೆಗಿಂತ ಮೇಲಿದ್ದರೆ ತಟ್ಟೆಯೇ ಸವೆಯುತ್ತಿದೆ.

ಸಿಡಿಲಿನ ನಂತರ

ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ಮರುದಿನ ಬರುವ ಡಿಸ್ಕಿಗೆ ಲಕ್ಷಣವೊಂದಿದೆ: ಅದನ್ನು ಸಿಕ್ಕಿಸಿದರೆ ಕಂಪ್ಯೂಟರೇ ಆನ್ ಆಗುವುದಿಲ್ಲ, ತೆಗೆದರೆ ಆಗುತ್ತದೆ. ಡಿಸ್ಕಿನ ಬೋರ್ಡಿನಲ್ಲಿ ಪವರ್ ಕನೆಕ್ಟರಿನ ಹತ್ತಿರ ಸಾಮಾನ್ಯವಾಗಿ ಎರಡು ಟಿವಿಎಸ್ ಡಯೋಡುಗಳಿರುತ್ತವೆ, 5 ವೋಲ್ಟಿಗೊಂದು, 12 ವೋಲ್ಟಿಗೊಂದು. ಹೆಚ್ಚಿನ ವೋಲ್ಟೇಜು ಬಂದಾಗ ತಾವು ಶಾರ್ಟಾಗಿ ಮಿಕ್ಕದ್ದನ್ನು ಉಳಿಸುವುದೇ ಅವುಗಳ ಕೆಲಸ. ಕರೆಂಟು ತೆಗೆದು ಮಲ್ಟಿಮೀಟರಿನಲ್ಲಿ ಅಳೆದಾಗ ಎರಡೂ ದಿಕ್ಕಿನಲ್ಲಿ ಸೊನ್ನೆ ಓಮ್ ತೋರಿಸಿದರೆ ಡಯೋಡು ಸತ್ತಿದೆ. ಅದನ್ನು ಕಿತ್ತು ತೆಗೆದರೆ ಡಿಸ್ಕ್ ಕಾವಲಿಲ್ಲದೆಯೇ ಓಡುತ್ತದೆ. ಮಾಹಿತಿ ಕಾಪಿ ಮಾಡಿಕೊಳ್ಳಲು ಅಷ್ಟು ಸಾಕು, ಖಾಯಂ ಬಳಕೆಗಲ್ಲ.

ಡಯೋಡು ಸರಿಯಿದ್ದು ಚಿಪ್ಪು ಸುಟ್ಟಿದ್ದರೆ, ಅದೇ ಮಾದರಿಯ ಬೋರ್ಡು ತಂದು ತಿರುಚಿದರೆ ಆಯಿತೆಂದು ತಿಳಿಯಬೇಡಿ. ಬೋರ್ಡಿನ ಮೇಲಿನ 8 ಕಾಲಿನ ರೋಮ್ (ಆರ್‌ಒಎಂ) ಚಿಪ್ಪಿನಲ್ಲಿ ಆ ಡಿಸ್ಕಿನ ಹೆಡ್ಡುಗಳಿಗಷ್ಟೇ ಹೊಂದುವ ಅಂಕಿಗಳಿರುತ್ತವೆ. ಹಳೆಯ ಚಿಪ್ಪನ್ನು ಹೊಸ ಬೋರ್ಡಿಗೆ ಬೆಸೆದರೇ ಕೆಲಸ.

ಕ್ಯಾಬಿನೆಟ್ಟಿಗೆ ಕೈ ತಾಗಿದಾಗ ಜುಮ್ಮೆನ್ನುತ್ತದೆಯೇ? ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಕ್ಯಾಬಿನೆಟ್ಟಿನ ಮೇಲೆ ಸುಮಾರು 110 ವೋಲ್ಟ್ ಕೂತಿರುತ್ತದೆ. ಡಿಸ್ಕ್ ಸಿಕ್ಕಿಸುವ ಕ್ಷಣದಲ್ಲಿ ಅದು ಯುಎಸ್‌ಬಿ ಪಿನ್ನಿನ ಮೂಲಕ ದಾರಿ ಹುಡುಕಬಹುದು. ನ್ಯೂಟ್ರಲ್–ಅರ್ಥ್ ನಡುವೆ 2–3 ವೋಲ್ಟಿಗಿಂತ ಹೆಚ್ಚಿರಬಾರದು. ಜಂಬಿಟ್ಟಿಗೆ ನೆಲದ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿ ಇದ್ದೂ ಇಲ್ಲದಂತಾಗುತ್ತದೆ, ಮಾರ್ಚಿನಿಂದ ವಾರಕ್ಕೆರಡು ಕೊಡ ನೀರು ಹಾಕಿ.

ಥಂಡಿ ಹಿಡಿದ ಬೋರ್ಡು

ಡಿಸ್ಕ್ ತಿರುಗುತ್ತದೆ, ಆದರೆ ಗುರುತು ಸರಿಯಾಗಿ ಹೇಳುವುದಿಲ್ಲ, ಎರಡು ಮಳೆಗಾಲ ಕಪಾಟಿನಲ್ಲಿತ್ತು ಎಂದಾದರೆ ಬೋರ್ಡಿನ ಒಳಮುಖ ನೋಡಿ. ಟಿ6 (ಕೆಲವದಕ್ಕೆ ಟಿ5 ಅಥವಾ ಟಿ8) ನಕ್ಷತ್ರ ತಲೆಯ ಸ್ಕ್ರೂ ಡ್ರೈವರಿನಲ್ಲಿ ಬೋರ್ಡು ಬಿಚ್ಚಿದರೆ ಹೆಡ್ಡಿಗೂ ಮೋಟರಿಗೂ ತಾಗುವ ಬಿಲ್ಲೆಗಳು ಕಾಣುತ್ತವೆ. ಕಪ್ಪಾಗಿದ್ದರೆ ಮೆತ್ತನೆಯ ಬಿಳಿ ರಬ್ಬರಿನಲ್ಲಿ ಒಂದೇ ದಿಕ್ಕಿಗೆ ಉಜ್ಜಿ, ಪುಡಿ ಊದಿ, 99% ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಹತ್ತು ನಿಮಿಷ ಆರಲು ಬಿಡಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರಿರುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಯಿರಿ. ಬೋರ್ಡಿನ ಕಡೆ ಮಾತ್ರ ಬಿಚ್ಚಿ. ಮೇಲಿನ ಲೋಹದ ಮುಚ್ಚಳ ತೆಗೆದರೆ ಒಂದು ಕಣ ಧೂಳು ಸಾಕು ಹೆಡ್ಡನ್ನು ಕೆಡಿಸಲಿಕ್ಕೆ.

ಬೈಕಿನಲ್ಲಿ ಬರುವಾಗ ಚೀಲ ನೆನೆದು ಡಿಸ್ಕಿನ ಹೊರಮೈ ಮಾತ್ರ ತೇವವಾಗಿದ್ದರೆ ಕೂಡಲೇ ಸಿಕ್ಕಿಸಬೇಡಿ. ಒರೆಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ 100 ಗ್ರಾಂ ಸಿಲಿಕಾ ಜೆಲ್ ಜೊತೆ 24 ಗಂಟೆ ಇಡಿ. ಬಚ್ಚಲೊಲೆಯ ಮೇಲಿಟ್ಟು ಕಾಯಿಸುವುದು, ಅಕ್ಕಿ ಡಬ್ಬಿಯಲ್ಲಿ ಹೂಳುವುದು ಎರಡೂ ಬೇಡ. ಹೆಚ್ಚಿನ ಡಿಸ್ಕುಗಳಿಗೆ ಗಾಳಿಯಾಡುವ ಸಣ್ಣ ತೂತಿದೆ, ಹೊಗೆಗೂ ಅಕ್ಕಿ ಧೂಳಿಗೂ ಅದೇ ಬಾಗಿಲು. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ಬಡಾವಣೆಗಳಿಗೆ ನುಗ್ಗಿದ್ದಳಲ್ಲ, ಅಂಥ ಕೆಸರು ನೀರಿನಲ್ಲಿ ಮುಳುಗಿದ ಡಿಸ್ಕಾದರೆ ಒಣಗಿಸಲೂ ಬೇಡಿ. ಒಣಗಿದ ಕೆಸರು ತಟ್ಟೆಗೆ ಕಚ್ಚಿಕೊಳ್ಳುತ್ತದೆ. ತೇವವಾಗಿಯೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕಳಿಸಬೇಕು.

ಮಾಹಿತಿ ಬೇಕು, ಡಿಸ್ಕ್ ಓದುತ್ತಿದೆ

ರಿಪೇರಿಗಿಂತ ಮೊದಲು ನಕಲು. ಲಿನಕ್ಸ್ ಪೆನ್ ಡ್ರೈವಿನಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಲ್ಲಿ ಡಿಸ್ಕಿನ ಪೂರ್ತಿ ಪ್ರತಿಬಿಂಬವನ್ನು ಅಷ್ಟೇ ಅಥವಾ ಹೆಚ್ಚು ಜಾಗವಿರುವ ಬೇರೆ ಡಿಸ್ಕಿಗೆ ತೆಗೆಯಿರಿ. ಮೊದಲ ಸುತ್ತಿಗೆ ಹೈಫನ್ ಎನ್ ಹಾಕಿದರೆ ಸುಲಭದ್ದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ಎರಡನೆಯ ಸುತ್ತಿನಲ್ಲಿ ಹೈಫನ್ ಡಿ, ಹೈಫನ್ ಆರ್3 ಹಾಕಿ ಕೆಟ್ಟ ಜಾಗಗಳನ್ನು ಮೂರು ಸಲ ಕೆದಕಬಹುದು. ಮ್ಯಾಪ್ ಫೈಲಿನ ಹೆಸರನ್ನು ಕೊಡಲು ಮರೆಯಬೇಡಿ. ಕರೆಂಟು ಹೋದರೆ ನಿಂತಲ್ಲಿಂದಲೇ ಮುಂದುವರಿಯುವುದು ಅದರಿಂದ. ಆಮೇಲೆ ಆ ಪ್ರತಿಬಿಂಬದ ಮೇಲೆ, ಕಳೆದುಹೋದ ವಿಭಾಗಗಳನ್ನು ಹುಡುಕುವ ಟೆಸ್ಟ್‌ಡಿಸ್ಕ್ ತಂತ್ರಾಂಶ ಓಡಿಸಿ. ವಿಭಾಗಗಳ ಪಟ್ಟಿ ಮಾತ್ರ ಅಳಿಸಿದ್ದರೆ ಬಹುತೇಕ ಸಿಗುತ್ತದೆ. ಆತುರದಲ್ಲಿ ಇನಿಷಿಯಲೈಸ್ ಒತ್ತಿದ್ದರೂ ಎದೆಗುಂದಬೇಕಿಲ್ಲ: ಅದು ಬರೆಯುವುದು ಶುರುವಿನ ಮತ್ತು ಜಿಪಿಟಿ ಆದರೆ ಕೊನೆಯ ಕೆಲವೇ ಸೆಕ್ಟರುಗಳನ್ನು. ಅದರ ಮೇಲೆ ಹೊಸ ವಾಲ್ಯೂಮ್ ಮಾಡಿ ಫಾರ್ಮ್ಯಾಟ್ ಕೊಟ್ಟಿದ್ದರೆ ಕಷ್ಟ.

ಇನಿಷಿಯಲೈಸ್ ಮಾಡುವುದು

ಏನೂ ಇಲ್ಲದ ಡಿಸ್ಕಿಗೆ ಜಿಪಿಟಿ ಆರಿಸಿ. ಹಳೆಯ ಕ್ರಮವಾದ ಎಂಬಿಆರ್ 2 ಟಿಬಿಗಿಂತ ಆಚೆ ನೋಡಲಾರದು. ವಿಂಡೋಸ್ ಎಕ್ಸ್‌ಪಿಯ ಹಳೆಯ ಯಂತ್ರಕ್ಕೆ ಹಾಕಬೇಕಾದ ಸಣ್ಣ ಡಿಸ್ಕಿಗಷ್ಟೇ ಅದು. ಕ್ಲೋನ್ ಮಾಡಿದ ಡಿಸ್ಕ್ ‘ಆಫ್‌ಲೈನ್’ ಎಂದರೆ ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಬಂದಿದೆ, ಬಲಗುಂಡಿ ಒತ್ತಿ ಆನ್‌ಲೈನ್ ಮಾಡಿದರೆ ಸಾಕು.

ಮೆನುವಿನಿಂದ ಆಗದಿದ್ದರೆ ಡಿಸ್ಕ್‌ಪಾರ್ಟ್‌ನಲ್ಲಿ ‘ಸೆಲೆಕ್ಟ್ ಡಿಸ್ಕ್’ ಎಂದು ಸಂಖ್ಯೆ ಕೊಟ್ಟು, ‘ಡೀಟೇಲ್ ಡಿಸ್ಕ್’ನಲ್ಲಿ ಹೆಸರು ಎರಡು ಸಲ ಓದಿ, ಆಮೇಲೆ ‘ಕ್ಲೀನ್’, ಆಮೇಲೆ ‘ಕನ್ವರ್ಟ್ ಜಿಪಿಟಿ’. ಸಂಖ್ಯೆ ತಪ್ಪಿದರೆ ವಿಂಡೋಸ್ ಇಲ್ಲದ ಬೇರೆ ಡಿಸ್ಕನ್ನೂ ಚಕಾರವೆತ್ತದೆ ಒರೆಸುತ್ತದೆ. ‘ಕ್ಲೀನ್ ಆಲ್’ ಎಲ್ಲ ಸೆಕ್ಟರಿಗೂ ಸೊನ್ನೆ ಬರೆಯುತ್ತದೆ, 1 ಟಿಬಿಗೆ ಎರಡು ಗಂಟೆಯ ಮೇಲೆ ಹಿಡಿಯುತ್ತದೆ. ಆ ಬಳಿಕ ಸಿ5 ಸೊನ್ನೆಗೆ ಇಳಿದು 05 ಏರದಿದ್ದರೆ ಡಿಸ್ಕನ್ನು ಸಿನಿಮಾ, ಹಾಡು ಇಡಲು ಬಳಸಬಹುದು. ಲೆಕ್ಕಪತ್ರ ಇಡಬೇಡಿ.

ಕೈ ಮೀರಿದರೆ

ತಟ್ಟೆಯ ಕೆಲಸ ಮಾಡುವ ಧೂಳುರಹಿತ ಕೋಣೆಗೆ ಬೆಂಗಳೂರಿಗೇ ಕಳಿಸಬೇಕು. ಸ್ಥಿರವಿದ್ಯುತ್ ತಡೆಯುವ ಕವರಿನಲ್ಲಿ ಸುತ್ತಿ, ಎಲ್ಲ ಬದಿಗೂ 5 ಸೆಂ.ಮೀ. ಫೋಮ್ ಕೊಟ್ಟು, ಅಲುಗಾಡದ ಹಾಗೆ ಪೆಟ್ಟಿಗೆಗೆ ಹಾಕಿ. ಮಳೆಗಾಲವಾದರೆ ಪೆಟ್ಟಿಗೆಯ ಹೊರಗೂ ಒಂದು ಪ್ಲಾಸ್ಟಿಕ್ಕು ಇರಲಿ, ಬಸ್ಸಿನ ಪಾರ್ಸೆಲ್ ಜಾಗ ಸೋರುತ್ತದೆ. ಒಳಗೊಂದು ಚೀಟಿ ಇಡಿ: ಬಿದ್ದದ್ದೋ, ಸಿಡಿಲೋ, ನೀರೋ, ಯಾವ ಸದ್ದು ಬರುತ್ತಿತ್ತು, ಯಾವ ಅಡಾಪ್ಟರ್ ಹಾಕಿದ್ದಿರಿ, ಯಾವ ಸ್ಕ್ರೂವರೆಗೆ ಬಿಚ್ಚಿದ್ದೀರಿ. ಯುಎಸ್‌ಬಿ ಡಬ್ಬಿಯಿಂದ ಬಿಚ್ಚಿದ್ದಾದರೆ ಅದರ ಸಣ್ಣ ಬೋರ್ಡನ್ನೂ ಜೊತೆಗೇ ಹಾಕಿ.